ದೊಡ್ಡಮ್ಮನ ಪೋಸ್ಟರೂ ನನ್ನ ಕಂಪ್ಯೂಟರಿನ ಹಟವೂ

"ಪೋಸ್ಟರ್ ನಾನೇ ಮಾಡ್ತೀನಿ!"

ಹೀಗೆಂದು ನಾನು ಘೋಷಿಸಿದ ಕ್ಷಣ ನನ್ನ ಹೆಂಡತಿಯ ಕುಟುಂಬದ ಹನ್ನೊಂದು ಮಂದಿ ಹಿರಿಯರು ಒಟ್ಟಿಗೆ ನನ್ನ ಕಡೆ ತಿರುಗಿದರು. ಸಾವಿನ ಮನೆಯಲ್ಲಿ ಯಾರಾದರೂ ಸೀಟಿ ಹೊಡೆದರೆ ಹೇಗೆ ನೋಡುತ್ತಾರೋ ಹಾಗೆ ನೋಡಿದರು.

ಸತ್ತದ್ದು ನನ್ನ ಹೆಂಡತಿ ಸಾಚಿವಾಳ ದೊಡ್ಡಮ್ಮ ಅಬ್ರಾಫಿ. ನಲವತ್ತು ವರ್ಷ ನಮ್ಮೂರು ಕೊನೊಂಗೊದ ಲಾರಿ ಸ್ಟೇಷನ್ನಿನಲ್ಲಿ ಕೆಂಕೆ ಎಂಬ ಮೆಕ್ಕೆಜೋಳದ ಹುಳಿ ಕಡುಬು ಮಾರಿ, ಆರು ಮಕ್ಕಳನ್ನೂ ಜೊತೆಗೆ ತಾಯಿಯಿಲ್ಲದ ಸಾಚಿವಾಳನ್ನೂ ಸಾಕಿ, ಎಂಬತ್ತೆರಡನೆಯ ವಯಸ್ಸಿನಲ್ಲಿ ಶನಿವಾರ ನಿದ್ದೆಯಲ್ಲೇ ಹೊರಟುಹೋಗಿದ್ದರು. ಸೋಮವಾರ ಕುಟುಂಬದ ಸಭೆ. ಮುಂದಿನ ಶನಿವಾರ ವಾರದ ಕಾರ್ಯ. ಅಂದರೆ ಬುಧವಾರ ಮಧ್ಯಾಹ್ನದೊಳಗೆ ಪೋಸ್ಟರ್ ಊರಿನ ಗೋಡೆ ಹತ್ತಲೇಬೇಕು. ನಮ್ಮೂರಿನಲ್ಲಿ ಪೋಸ್ಟರ್ ಅಂಟಿಸದ ಹೊರತು ಯಾರನ್ನೂ ಸತ್ತರೆಂದು ಒಪ್ಪುವುದಿಲ್ಲ!

"ಅಳಿಯಂದ್ರೇ," ಎಂದರು ಕುಟುಂಬದ ಯಜಮಾನ, ಸಾಚಿವಾಳ ಸೋದರಮಾವ, ಹಿರಿಯರೆಂದು ಎಲ್ಲರೂ ಒಪಾನಿನ್ ಎನ್ನುವ ಅಜೆಕುಮ್. "ಸ್ಟೇಷನ್ ಪಕ್ಕದ ಎಬೆನೇಜರ್ ಮೂವತ್ತು ವರ್ಷದಿಂದ ನಮ್ಮನೆಯವರಿಗೆಲ್ಲ ಪೋಸ್ಟರ್ ಮಾಡ್ಕೊಂಡು ಬಂದಿದಾನೆ. ಸತ್ತೋರು ಒಬ್ರಾದ್ರೂ ವಾಪಸ್ ಬಂದು ತಕರಾರು ಮಾಡಿದ್ದುಂಟಾ?"

ಸತ್ತವರು ಮಾಡಿರಲಿಲ್ಲ. ಆದರೆ ಬದುಕಿದ್ದ ನನಗೆ ತಕರಾರಿತ್ತು! ನನ್ನ ಮಾವನವರು ತೀರಿಕೊಂಡಾಗ ಇದೇ ಎಬೆನೇಜರ್ ಪೋಸ್ಟರಿನಲ್ಲಿ ಅಳಿಯಂದಿರ ಹೆಸರು ಹಾಕಿದ್ದ. ಜರ್ಮನಿಯಲ್ಲಿರುವ ಅಳಿಯ, ಪೊಲೀಸ್ ಅಳಿಯ, ಸಿಮೆಂಟ್ ಅಂಗಡಿ ಅಳಿಯ, 'ಮತ್ತಿತರರು'. ಆ ಮತ್ತಿತರರು ನಾನು! ಕ್ವಾಕು ಬೆಂಪಾ, ಹತ್ತೊಂಬತ್ತು ವರ್ಷದಿಂದ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿರುವವನು, ಮೂರು ತಿಂಗಳು ಊರಿನ ಗೋಡೆಗಳ ಮೇಲೆ ಮತ್ತಿತರನಾಗಿ ಮಳೆಯಲ್ಲಿ ನೆನೆದೆ. ಆ ಉರಿ ಇನ್ನೂ ಆರಿರಲಿಲ್ಲ.

"ನನ್ನ ಮನೇಲಿ ಕಂಪ್ಯೂಟರಿದೆ," ಎಂದೆ, ಮನೆಯಲ್ಲಿ ಆನೆಯಿದೆ ಎನ್ನುವ ಧಾಟಿಯಲ್ಲಿ.

ಹಿರಿಯರು ಮಿಸುಕಲಿಲ್ಲ. ಆಗ ಸಾಚಿವಾ ಎದ್ದು ನಿಂತಳು. "ಒಪಾನಿನ್, ಅವರು ಮಾಡ್ತಾರೆ. ನಾನು ಹೊಣೆ."

ದಾರಿಯಲ್ಲಿ ಮಾತ್ರ ಅವಳ ಧ್ವನಿ ಬೇರೆಯಾಗಿತ್ತು. "ಹಂಗ್ಯಾಕಂದೆ ಅಂತ ನನಗೇ ಗೊತ್ತಿಲ್ಲ ರೀ. ಹನ್ನೊಂದು ಜನ ನಿಮ್ಮನ್ನ ಹಂಗೆ ನೋಡಿದ್ದು ಸಹಿಸೋಕಾಗ್ಲಿಲ್ಲ. ಆದ್ರೆ ಕೇಳಿ, ದೊಡ್ಡಮ್ಮ ನನ್ನ ಹೆತ್ತೋಳಲ್ಲ, ಸಾಕ್ದೋಳು. ಅವಳ ಪೋಸ್ಟರ್ ಕೆಟ್ರೆ ಆ ಮನೇಲಿ ನಾನು ಮತ್ತೆ ತಲೆ ಎತ್ತಲ್ಲ."

"ಒಂದು ಗಂಟೆ ಕೆಲಸ ಕಣೇ!" ಎಂದು ನಕ್ಕೆ.

ಮಂಗಳವಾರ ಬೆಳಿಗ್ಗೆ ಶಾಲೆಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಂಪ್ಯೂಟರಿನ ಮುಂದೆ ಕುಳಿತೆ. ಅದು ಯೂರೋಪಿನಲ್ಲಿ ಯಾರೋ ಬಳಸಿ ಬಿಟ್ಟದ್ದು. ಹಡಗು ಹತ್ತಿ ನಮ್ಮಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಪ್ರಶ್ನೆಪತ್ರಿಕೆ ಬೆರಳಚ್ಚು ಮಾಡುವುದಕ್ಕೆ ಸಾಕಾಗಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಅದು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಏನೋ ಕೇಳುತ್ತಿತ್ತು. ಮೇಲಿನ ಸಾಲಿನ ಒಂದು ಗುಂಡಿ ಒತ್ತಿದರೆ ಮುಂದೆ ಹೋಗುತ್ತಿತ್ತು. ಮುಂದೆ ಹೋಗುವುದಾದರೆ ಓದುವುದೇಕೆ? ಎರಡು ವರ್ಷದಿಂದ ಓದದೆಯೇ ಒತ್ತಿಕೊಂಡು ಬಂದಿದ್ದೆ. ಮೂಲೆಯ ಗಡಿಯಾರವೂ ತಪ್ಪು ತೋರಿಸುತ್ತಿತ್ತು. ಯೂರೋಪಿನ ಸಮಯವಿರಬೇಕು, ಪಾಪ, ತವರಿನ ನೆನಪು ಎಂದು ಬಿಟ್ಟಿದ್ದೆ.

ಸ್ನೇಹಿತನೊಬ್ಬ ಪೆನ್‌ಡ್ರೈವಿನಲ್ಲಿ ತಂತ್ರಾಂಶವೊಂದನ್ನು ಕೊಟ್ಟಿದ್ದ. 'ಅಂತಿಮ ಯಾತ್ರೆ, ಏಳನೇ ಆವೃತ್ತಿ.' ಸತ್ತವರ ಪೋಸ್ಟರಿಗೆಂದೇ ಮಾಡಿದ್ದು. ಕಿರುಬೆರಳು ಮೇಲೆತ್ತಿ, ಪಿಯಾನೋ ನುಡಿಸುವವನಂತೆ ಒತ್ತಿದೆ.

'ಈ ತಂತ್ರಾಂಶ ನಿಮ್ಮ ಯಂತ್ರಕ್ಕೆ ಹೊಂದುವುದಿಲ್ಲ.'

ಮತ್ತೆ ಒತ್ತಿದೆ. ಮತ್ತೆ ಅದೇ. ಜೋರಾಗಿ ಒತ್ತಿದೆ. ಜೋರಿಗೆ ಅದು ಬಗ್ಗಲಿಲ್ಲ. ಎಲ್ಲೋ ಓದಿದ್ದು ನೆನಪಾಗಿ, ಹಳೆಯ ಕಾಲದ ಯಂತ್ರದ ಹಾಗೆ ನಟಿಸು ಎಂದು ಅದಕ್ಕೆ ಆಜ್ಞೆ ಕೊಟ್ಟೆ. ಆಗ ಬಂತು ನೋಡಿ: 'ಇದನ್ನು ಬದಲಾಯಿಸಲು ನಿಮಗೆ ಅಧಿಕಾರವಿಲ್ಲ. ಆಡಳಿತಗಾರರನ್ನು ಸಂಪರ್ಕಿಸಿ.'

"ನನ್ನ ಮನೆ! ನನ್ನ ಮೇಜು! ನನ್ನ ಕಂಪ್ಯೂಟರ್! ನನಗೇ ಅಧಿಕಾರ ಇಲ್ವಂತೆ!" ಎಂದು ಕಿರುಚಿದೆ.

ಅಡುಗೆಮನೆಯಿಂದ ಸಾಚಿವಾ ಹೇಳಿದಳು: "ಎರಡು ವರ್ಷದಲ್ಲೇ ಮನೆ ವ್ಯವಹಾರ ಅರ್ಥ ಮಾಡ್ಕೊಂಡಿದೆ ನೋಡಿ."

ಹೇಗೋ ಅಧಿಕಾರ ಗಿಟ್ಟಿಸಿದೆ. ಆಗ ಅದಕ್ಕೆ ಒಂದು ಸಹಾಯಕ ತಂತ್ರಾಂಶ ಬೇಕಾಯಿತು. ಪೆನ್‌ಡ್ರೈವಿನಲ್ಲೇ ಇದ್ದ ಆ ಸಹಾಯಕನನ್ನು ಕರೆದರೆ, ನನಗಿಂತ ಹೊಸಬ ಆಗಲೇ ಒಳಗಿದ್ದಾನೆ, ಅವನಿರುವವರೆಗೆ ನಾನು ಬರಲಾರೆ ಎಂದಿತು. ಹೊಸಬನನ್ನು ಹೊರಗೆ ಹಾಕಿದೆ. ಹೋಗುವಾಗ ಅವನು ಸದ್ದನ್ನೂ ಬಣ್ಣವನ್ನೂ ಜೊತೆಗೆ ಕೊಂಡೊಯ್ದ! ಪರದೆ ಪೂರ್ತಿ ಬೂದಿ ಬಣ್ಣಕ್ಕೆ ತಿರುಗಿತು. ಬಣ್ಣ ತರಿಸಲು ಇನ್ನೊಂದನ್ನು ಹಾಕಿದೆ. ಬಣ್ಣ ಬಂತು, ಪರದೆ ತಲೆಕೆಳಗಾಯಿತು. ಇನ್ನು ಯಾವ ಗುಂಡಿಯನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ ನಾನು. ಮಾನಿಟರನ್ನೇ ಎತ್ತಿ ತಲೆಕೆಳಗು ಮಾಡಿ, ಬೀಳದ ಹಾಗೆ ಎರಡು ಕಡೆ ಬೀಜಗಣಿತದ ಪುಸ್ತಕ ಒತ್ತರಿಸಿ ನಿಲ್ಲಿಸಿದೆ.

ಹನ್ನೊಂದಾಯಿತು. ಹನ್ನೆರಡಾಯಿತು. ಕುರ್ಚಿಯಲ್ಲಿ ನನಗೆ ನಿಮಿಷ ಕೂರಲಾಗುತ್ತಿಲ್ಲ. ಎದ್ದು ಬಾಗಿಲಿಗೆ ಹೋಗುವುದು, ರಸ್ತೆ ನೋಡುವುದು, ಬಂದು ಒತ್ತುವುದು, ಬೈಯುವುದು, ಮತ್ತೆ ಎದ್ದು ಬಾಗಿಲಿಗೆ ಹೋಗುವುದು.

"ಒಂದು ಕಡೆ ಕೂತ್ಕೋಬಾರ್ದಾ?" ಎಂದಳು ಸಾಚಿವಾ. "ನಿಮ್ಮನ್ನ ನೋಡಿ ನೋಡಿ ನನ್ನ ಕತ್ತು ನೋಯ್ತಿದೆ."

"ಕೂತ್ರೆ ಅದು ಕೆಲಸ ಮಾಡುತ್ತಾ?"

"ನಿಂತ್ರೆ ಮಾಡ್ತಾ?"

ಅಷ್ಟರಲ್ಲಿ ಪರದೆಯ ಮೇಲೆ ಹೊಸ ವಾಕ್ಯ ಬಂತು. 'ಈ ತಂತ್ರಾಂಶದ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ.'

ಸಾಚಿವಾ ಬಗ್ಗಿ ಓದಿದಳು. "ಇನ್ನೂ ಜಾರಿಗೆ ಬಂದಿಲ್ಲ ಅಂದ್ರೆ? ನಮ್ಮ ಕೈಲಿದೆಯಲ್ಲ, ಇನ್ನು ಯಾವಾಗ ಬರೋದು?"

"ಅದು ತಾಂತ್ರಿಕ ಭಾಷೆ. ನಿನಗರ್ಥವಾಗಲ್ಲ, ಬಿಡು."

ನನಗೂ ಅರ್ಥವಾಗಿರಲಿಲ್ಲ. ಆದರೆ ಅದನ್ನು ಹೇಳಲು ಅದು ಸಮಯವಲ್ಲ ಎನ್ನಿಸಿತು.

ಮೂರು ಗಂಟೆಗೆ ಒಪಾನಿನ್ ಅಜೆಕುಮ್ ಬಂದರು. ಕುಳಿತರು. ಸಾಚಿವಾ ನೀರು ಕೊಟ್ಟಳು. ಕುಡಿದರು. ಬಂದ ವಿಚಾರವೇನೆಂದು ನಾನು ಪದ್ಧತಿಯಂತೆ ಕೇಳಬೇಕು, ಕೇಳಿದೆ.

"ನಮ್ಮ ಕಡೆ ಎಲ್ಲ ಕ್ಷೇಮ. ಕೆಟ್ಟ ಸುದ್ದಿ ತಂದಿಲ್ಲ. ಪೋಸ್ಟರ್ ನೋಡೋಣ ಅಂತ ಬಂದೆ," ಎಂದು ಅವರು ತಲೆಕೆಳಗಾಗಿ ನಿಂತ ಮಾನಿಟರನ್ನು ಬಹಳ ಹೊತ್ತು ದಿಟ್ಟಿಸಿದರು. "ಏನಂತೆ ಇದಕ್ಕೆ?"

"ಹೊಂದಾಣಿಕೆ ಇಲ್ವಂತೆ, ಒಪಾನಿನ್."

"ಯಾರ್ಯಾರಿಗೆ?"

"ತಂತ್ರಾಂಶಕ್ಕೂ ಯಂತ್ರಕ್ಕೂ."

"ಎರಡೂ ಕಡೆಯೋರನ್ನ ಕೂರಿಸಿ ಮಾತಾಡಿಸಿದ್ಯೇನಪ್ಪಾ?"

"ಬೆಳಿಗ್ಗೆಯಿಂದ ಅದೇ ಮಾಡ್ತಿದೀನಿ! ಅವನಿದ್ರೆ ನಾ ಬರಲ್ಲ ಅನ್ನುತ್ತೆ ಇದು. ಇದು ಬಂದ್ರೆ ನಾ ಹೋಗ್ತೀನಿ ಅನ್ನುತ್ತೆ ಅದು."

ಅವರು ಗಂಭೀರವಾಗಿ ತಲೆಯಾಡಿಸಿದರು. ಐವತ್ತು ವರ್ಷದಿಂದ ಕುಟುಂಬದ ಜಗಳ ಬಗೆಹರಿಸಿದವರು ಅವರು. "ಈ ಮನೆಗೆ ಯಂತ್ರ ಬಂದಾಗ ತೀರಿಹೋದ ಹಿರೀಕರಿಗೆ ಹೇಳಿದ್ರಾ?"

"ಇಲ್ಲ."

"ಹೊಸಬರು ಬಂದಾಗ ಹೇಳ್ದೆ ಇದ್ರೆ ಇನ್ನೇನಾಗುತ್ತೆ?" ಎಂದು ಹೆಗಲ ಬಟ್ಟೆ ಸರಿಮಾಡಿಕೊಂಡು, ಹಿರೀಕರಿಗೆ ಎರೆಯುವ ಜಿನ್ ಬಾಟಲಿಯನ್ನು ಚೀಲದಿಂದ ಹೊರತೆಗೆದರು.

"ಒಪಾನಿನ್, ಯಂತ್ರದ ಮೇಲೆ ಬೇಡ!"

"ನಂಗೆ ಗೊತ್ತಿಲ್ವಾ? ಹಿರೀಕರಿಗೆ ನೆಲಕ್ಕೇ ಸುರಿಯೋದು," ಎಂದು ಅವರು ದೊಡ್ಡಮ್ಮನ ಹೆಸರು, ಅವರ ತಾಯಿಯ ಹೆಸರು, ಆ ತಾಯಿಯ ತಾಯಿಯ ಹೆಸರು ಕರೆಯುತ್ತ, ಮೇಜಿನ ಕೆಳಗೆ ಭಕ್ತಿಯಿಂದ ಮೂರು ಸಲ ಸುರಿದರು. ಮೇಜಿನ ಕೆಳಗೆ ನನ್ನ ಎಕ್ಸ್‌ಟೆನ್ಷನ್ ಬೋರ್ಡಿತ್ತು.

ಟಪ್!

ನೀಲಿ ಕಿಡಿ, ಸುಟ್ಟ ವಾಸನೆ, ಮನೆಯ ಫ್ಯಾನು, ಫ್ರಿಜ್ಜು, ಕಂಪ್ಯೂಟರು ಒಟ್ಟಿಗೆ ಶಾಂತವಾದವು.

"ಬಂದ್ರು," ಎಂದರು ಒಪಾನಿನ್, ಪರಮ ತೃಪ್ತಿಯಿಂದ.

ಬುಧವಾರ ಎಂಟು ಗಂಟೆಗೆ ಫ್ಯೂಸ್ ಹಾಕಿಸಿ, ಪಕ್ಕದ ಮನೆಯ ಬೋರ್ಡ್ ತಂದು, ಕಂಪ್ಯೂಟರಿಗೆ ಮತ್ತೆ ಜೀವ ಕೊಟ್ಟೆ. ಕಪ್ಪು ಪರದೆ ಏನೋ ಕೇಳಿತು. ಒತ್ತಿದೆ. ನಾಲ್ಕೇ ಗಂಟೆ ಬಾಕಿ. ಕಾಲು ತಾನಾಗಿ ಕುಣಿಯುತ್ತಿತ್ತು. ಪೆನ್‌ಡ್ರೈವನ್ನು ಮೇಲಿಂದ ಕೆಳಗೆ ತಡಕಾಡುವಾಗ 'ಹಳೆಯದು' ಎಂಬ ಕಡತ ಕಂಡಿತು. ಒಳಗೆ 'ಅಂತಿಮ ಯಾತ್ರೆ, ಎರಡನೇ ಆವೃತ್ತಿ'. ಕಣ್ಣು ಮುಚ್ಚಿ ಒತ್ತಿದೆ.

ಅರೆ! ಒಂದು ಮಾತು ಎದುರಾಡದೆ ಒಳಗೆ ಬಂದು ಕುಳಿತಿತು! ಹಿರೀಕರು ನಿಜವಾಗಿಯೂ ಬಂದಿದ್ದರೇ ಎಂದು ಮೇಜಿನ ಕೆಳಗೆ ಬಗ್ಗಿ ನೋಡಿದೆ.

ಅದರ ವಿನಯವನ್ನೇನು ಹೇಳಲಿ! ಹೆಸರು ಕೇಳಿತು, ಕೊಟ್ಟೆ. ಹುಟ್ಟಿದ ತಾರೀಕು ಕೇಳಿತು, ಕೊಟ್ಟೆ. 'ವಯಸ್ಸನ್ನು ನಾನೇ ಲೆಕ್ಕ ಹಾಕಿ, ವಯಸ್ಸಿಗೆ ತಕ್ಕ ವಿನ್ಯಾಸವನ್ನೂ ನಾನೇ ಆರಿಸುತ್ತೇನೆ' ಎಂದಿತು. ದಿನವಿಡೀ ಮಕ್ಕಳ ಕಳೆಯುವ ಲೆಕ್ಕ ತಿದ್ದುವ ನನಗೆ ಒಂದು ಲೆಕ್ಕ ಕಡಿಮೆಯಾದದ್ದು ಎಷ್ಟು ಹಿತವಾಯಿತೆಂದರೆ, ಕೈಮುಗಿದೆ. ಮಕ್ಕಳ ಹೆಸರು, ಮೊಮ್ಮಕ್ಕಳ ಹೆಸರು ತುಂಬಿದೆ. ಅಳಿಯಂದಿರ ಕಾಲಂ ಬಂತು. ಮೊದಲನೆಯ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ: ಶ್ರೀ ಕ್ವಾಕು ಬೆಂಪಾ, ಗಣಿತ ಉಪಾಧ್ಯಾಯರು. ಜರ್ಮನಿ, ಪೊಲೀಸ್, ಸಿಮೆಂಟ್ ಎಲ್ಲರೂ ಸಣ್ಣ ಅಕ್ಷರದಲ್ಲಿ ಕೆಳಗೆ.

ಪೋಸ್ಟರ್ ಪರದೆ ತುಂಬಿ ಅರಳಿತು. ಕೆಂಪು ಹಿನ್ನೆಲೆ, ಕಪ್ಪು ಅಂಚು, ನಡುವೆ ದೊಡ್ಡಮ್ಮನ ನಗುಮುಖ. ನನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಏಳು ಸಲ ಓದಿದೆ.

"ಉಳಿದದ್ದೆಲ್ಲ ನೋಡಿದ್ರಾ?" ಎಂದಳು ಸಾಚಿವಾ, ಚಪ್ಪಲಿ ಹಾಕಿಕೊಳ್ಳುತ್ತ. ಶಾಮಿಯಾನದವರ ಹತ್ತಿರ ಹೋಗಬೇಕಿತ್ತು ಅವಳಿಗೆ.

"ಎಲ್ಲ ಪಕ್ಕಾ!" ಎಂದು ನಾನು ಪೆನ್‌ಡ್ರೈವ್ ಕಿತ್ತುಕೊಂಡು ಓಡಿದೆ.

ಅಷ್ಟು ದೊಡ್ಡ ಹಾಳೆ ಅಚ್ಚು ಹಾಕುವ ಯಂತ್ರ ಊರಿಗೆಲ್ಲ ಎಬೆನೇಜರನ ಹತ್ತಿರ ಮಾತ್ರವಿತ್ತು. ಅವನು ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನ ಕಲಾಕೃತಿಯನ್ನು ನೋಡಿದ. ಮತ್ತೆ ನೋಡಿದ.

"ಮೇಷ್ಟ್ರೇ, ಅವಸರ ಬೇಡ. ಒಂದ್ಸಲ ನಿಧಾನವಾಗಿ ಓದಿ."

"ಏಳು ಸಲ ಓದಿದೀನಿ!"

"ಅಲ್ಲ, ಇಲ್ಲಿ ಮೇಲ್ಗಡೆ..."

"ಎಬೆನೇಜರ್, ನಿಮ್ಮ ಹೊಟ್ಟೆಕಿಚ್ಚು ನಂಗೆ ಗೊತ್ತಾಗಲ್ವಾ? ಹೊಡೀರಿ ಇನ್ನೂರು!"

ಅವನು ನನ್ನ ಮುಖ ನೋಡಿದ, ಭುಜ ಕುಣಿಸಿದ, ಇನ್ನೂರು ಹೊಡೆದ.

ಹನ್ನೆರಡು ಹೊಡೆಯುವ ಹೊತ್ತಿಗೆ ಲಾರಿ ಸ್ಟೇಷನ್, ಮಾರುಕಟ್ಟೆ, ಮೂರು ಚರ್ಚು, ನಾಲ್ಕು ಕೂಡುರಸ್ತೆ ಎಲ್ಲ ಕಡೆ ಅಂಟಿಸಿಬಿಟ್ಟೆ. ಮರಗೆಣಸಿನ ಅಂಟನ್ನು ನಾನೇ ಗಟ್ಟಿಯಾಗಿ ಕಾಯಿಸಿದ್ದೆ, ಎಬೆನೇಜರನ ಪೋಸ್ಟರುಗಳ ಹಾಗೆ ನಾಲ್ಕು ದಿನಕ್ಕೆ ಉದುರಬಾರದಲ್ಲ! ಕೂಡುರಸ್ತೆಯಲ್ಲಿ ನಿಂತು ನನ್ನ ಹೆಸರನ್ನು ದೂರದಿಂದ, ಹತ್ತಿರದಿಂದ, ಓರೆಯಾಗಿ ನೋಡಿ ಆನಂದಿಸಿ ಮನೆಗೆ ಬಂದೆ.

ಒಂದೂವರೆಗೆ ಮೊದಲ ಫೋನು. "ಅಯ್ಯೋ ಮೇಷ್ಟ್ರೇ, ಏನಾಯ್ತು? ಅಪಘಾತನಾ?" ಎರಡನೆಯದು: "ಯಾರೋ ಏನೋ ಮಾಡ್ಸಿರ್ಬೇಕು. ಇಷ್ಟು ಚಿಕ್ಕ ವಯಸ್ಸಿಗೆ ಸುಮ್ನೆ ಹೋಗ್ತಾರಾ?" ಮೂರನೆಯದನ್ನು ಎತ್ತುವಷ್ಟರಲ್ಲಿ ದೊಡ್ಡಮ್ಮನ ಹಿರಿಯ ಮಗ ಅಮಾಂಕ್ವಾ ಗೋಡೆಯಿಂದ ಅರ್ಧ ಹರಿದ ಪೋಸ್ಟರ್ ಹಿಡಿದು ಬಾಗಿಲಿನಲ್ಲಿ ನಿಂತಿದ್ದ. ಅರಣ್ಯ ಇಲಾಖೆಯಲ್ಲಿದ್ದವನು, ಮಿತಭಾಷಿ.

"ಭಾವ," ಎಂದ ಬಹಳ ಮೆಲ್ಲಗೆ, "ನಾನು ಹೋದ ವರ್ಷ ಅರವತ್ತು ತುಂಬಿ ನಿವೃತ್ತನಾದೆ. ಇಲ್ಲಿ ನಮ್ಮಮ್ಮನಿಗೆ ಐವತ್ತೊಂಬತ್ತು ಅಂತಿದೆ. ನೀವು ಗಣಿತದ ಮೇಷ್ಟ್ರು. ಹೇಳಿ, ನನ್ನನ್ನ ಯಾರು ಹೆತ್ರು?"

ಪೋಸ್ಟರ್ ಕಸಿದುಕೊಂಡು, ನನ್ನ ಹೆಸರಿನಿಂದ ಮೇಲಕ್ಕೆ ಮೊದಲ ಬಾರಿಗೆ ಕಣ್ಣು ಹಾಯಿಸಿದೆ. 'ಅಯ್ಯೋ, ಎಂಥ ಆಘಾತ! ಅಕಾಲದಲ್ಲಿ ಅಗಲಿದ ಅಬ್ರಾಫಿ, ವಯಸ್ಸು 59. ಉಡುಪು: ಕೆಂಪು ಮತ್ತು ಕಪ್ಪು.' ತುಂಬು ಬಾಳು ಬದುಕಿದವರಿಗೆ ಬಿಳಿ-ಕಪ್ಪು ಉಟ್ಟು 'ಸಾರ್ಥಕ ಬದುಕಿನ ಸಂಭ್ರಮ' ಎಂದು ಹಾಕುವ ಊರಿನಲ್ಲಿ, ಎಂಬತ್ತೆರಡರ ಮುದುಕಿಗೆ ನಾನು ಹರೆಯದವರ ಸಾವಿನ ಪೋಸ್ಟರ್ ಹಾಕಿದ್ದೆ!

ಶಾಮಿಯಾನದವರ ಬಳಿಯಿಂದ ಬರುವಾಗ ದಾರಿಯಲ್ಲೇ ಪೋಸ್ಟರ್ ನೋಡಿದ್ದ ಸಾಚಿವಾ ನೇರ ಬಂದು ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಮತ್ತೆ ಹಾಕಿದಳು. ಕಪ್ಪು ಪರದೆ ಬಂತು. ನನ್ನ ಬೆರಳು ಅಭ್ಯಾಸಬಲದಿಂದ ಗುಂಡಿಯ ಕಡೆ ಹೋಯಿತು. ಅವಳು ಕೈ ಹಿಡಿದು ನಿಲ್ಲಿಸಿ ಗಟ್ಟಿಯಾಗಿ ಓದಿದಳು.

"'ಒಳಗಿನ ಬ್ಯಾಟರಿ ಮುಗಿದಿದೆ. ನನಗೆ ಇವತ್ತಿನ ತಾರೀಕು ಗೊತ್ತಿಲ್ಲ. ದಯವಿಟ್ಟು ತಿಳಿಸಿ. ಇಲ್ಲವಾದರೆ 2002ರ ಜನವರಿ ಒಂದು ಎಂದುಕೊಂಡು ಮುಂದುವರಿಯಲು ಗುಂಡಿ ಒತ್ತಿ.'"

ಎರಡು ವರ್ಷದಿಂದ ಆ ಪಾಪದ ಯಂತ್ರ ನನ್ನನ್ನು ಕೇಳುತ್ತಿದ್ದದ್ದು ಇದೊಂದನ್ನೇ! ಅದರ ಲೆಕ್ಕದಲ್ಲಿ ಏಳನೇ ಆವೃತ್ತಿ ಇನ್ನೂ ಹುಟ್ಟಿರಲೇ ಇಲ್ಲ. ಪ್ರಮಾಣಪತ್ರ ಜಾರಿಗೆ ಬಂದಿಲ್ಲ ಎಂದದ್ದು ಸತ್ಯ. ಎರಡನೆಯದು ಮಾತ್ರ ಇದು 2002 ಎಂದೇ ನಂಬಿ ವಯಸ್ಸಿನ ಲೆಕ್ಕ ಹಾಕಿತ್ತು. ಕೈಗಡಿಯಾರಕ್ಕೆ ಹಾಕುವಂಥ ಒಂದು ಗುಂಡು ಸೆಲ್ ಹಾಕಿದ್ದರೆ ಮುಗಿಯುತ್ತಿತ್ತು.

ಪೋಸ್ಟರ್ ಕೀಳಲು ಓಡಿದೆ. ಬರಬೇಕಲ್ಲ! ನನ್ನ ಮರಗೆಣಸಿನ ಅಂಟು ಗೋಡೆಯ ಸುಣ್ಣವನ್ನು ಬಿಟ್ಟರೂ ಪೋಸ್ಟರನ್ನು ಬಿಡಲಿಲ್ಲ. ಲಾರಿ ಸ್ಟೇಷನ್ನಿನಲ್ಲಿ ಡ್ರೈವರುಗಳು ಉಗುರಿನಲ್ಲಿ ಕೆರೆಯುತ್ತಿದ್ದ ನನ್ನನ್ನು ಸುತ್ತುವರಿದು ನಗುತ್ತಿದ್ದರು. "ಅಮಾಂಕ್ವಾ ಅವರಮ್ಮನಿಗಿಂತ ಮುಂಚೆ ಬಂದು ಕರ್ಚೀಫ್ ಹಾಕಿ ಸೀಟು ಹಿಡಿದಿದ್ನಂತೆ!"

ಶನಿವಾರ ಬಂತು. ಶಾಮಿಯಾನದೊಳಗೆ ಕುಟುಂಬದವರೆಲ್ಲ ಬಿಳಿ-ಕಪ್ಪು ಉಟ್ಟು ನೆಮ್ಮದಿಯಾಗಿ ಕುಳಿತಿದ್ದರೆ, ಊರಿಗೆ ಊರೇ ಕೆಂಪುಟ್ಟು ಎದೆ ಬಡಿದುಕೊಂಡು ಬಂತು. ಕುರ್ಚಿ ಸಾಲದೆ ಜನ ರಸ್ತೆಯಲ್ಲಿ ನಿಂತರು. "ಇಷ್ಟು ಬೇಗ ಹೋಗಿಬಿಟ್ಯಾ!" ಎಂದು ಗೋಳಾಡುತ್ತ, ನಡುನಡುವೆ ನಮ್ಮವರ ಬಟ್ಟೆ ನೋಡಿ ಪಿಸುಗುಟ್ಟಿದರು: "ಚಿಕ್ಕ ವಯಸ್ಸಿನ ಹೆಂಗಸು ಸತ್ರೆ ಇವರಿಗೆ ಸಂಭ್ರಮ ನೋಡು! ಇವರೇ ಏನೋ ಮಾಡಿದಾರೆ."

ಸಾಚಿವಾ ಕೊನೆಯ ಸಾಲಿನಲ್ಲಿ ಕುಳಿತಿದ್ದಳು. ಹತ್ತಿರ ಹೋದೆ. ಮೂರು ದಿನದಿಂದ ಬೈದಿರಲಿಲ್ಲ ಅವಳು, ಅದೇ ನನಗೆ ಭಯವಾಗಿತ್ತು. ಈಗ ಅವಳ ಕಣ್ಣು ತುಂಬಿತ್ತು.

"ಕತ್ತಲಲ್ಲೆದ್ದು ಒಲೆ ಊದಿ ಊದಿ ಗೆದ್ದ ಎಂಬತ್ತೆರಡು ವರ್ಷ ರೀ ಅದು. ಅದರಲ್ಲಿ ಇಪ್ಪತ್ತಮೂರು ವರ್ಷ ನೀವು ಕಿತ್ಕೊಂಡ್ರಿ. ನಿಮ್ಮ ಹೆಸರು ದಪ್ಪಗೆ ಬಂತಲ್ಲ, ಸಾಕಾ?"

ನಾಚಿಕೆಯಿಂದ ಸತ್ತುಹೋಗುವಂತಾಯಿತು. ಅಲ್ಲಿ ನಿಲ್ಲಲಾರದೆ ನೇರ ಹೋಗಿ ಮೈಕು ಹಿಡಿದೆ. ಎಲ್ಲ ಹೇಳಿದೆ: ಓದದೆ ಒತ್ತಿದ ಗುಂಡಿ, ತಲೆಕೆಳಗಾದ ಮಾನಿಟರ್, ಏಳು ಸಲ ಓದಿದ ನನ್ನ ಹೆಸರು, ಎಬೆನೇಜರನಿಗೆ ಆಡಿದ ಮಾತು. "ಅಬ್ರಾಫಿಯವರಿಗೆ ಎಂಬತ್ತೆರಡು! ಅವರು ತುಂಬು ಬಾಳು ಬದುಕಿದರು! ಐವತ್ತೊಂಬತ್ತು ನನ್ನ ಕಂಪ್ಯೂಟರಿನ ತಪ್ಪಲ್ಲ, ನನ್ನದು!"

ಹಿಂದಿನ ಸಾಲಿನ ಮುದುಕಿಯೊಬ್ಬಳು, ದೊಡ್ಡಮ್ಮನ ಪಕ್ಕದಲ್ಲೇ ಮೀನು ಮಾರುತ್ತಿದ್ದವಳು, ಕೂಗಿದಳು: "ಅಂತೂ ಸತ್ಯ ಬಂತಲ್ಲ! ಬುಧವಾರದಿಂದ ನನ್ನ ಸೊಸೆ ಕೇಳ್ತಿದಾಳೆ, ನಿನ್ನ ಓರಗೆಯವಳಿಗೆ ಐವತ್ತೊಂಬತ್ತಾದ್ರೆ ಬೆನ್ನು ನೋವು ಅಂತ ಮಲಗ್ತೀಯಲ್ಲ ನಿಂಗೆಷ್ಟು ಅಂತ!" ಕೆಂಪುಟ್ಟ ಸಾವಿರ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮಾಂಕ್ವಾ ಕೂಡ ನಕ್ಕ. ಡೋಲಿನವರು ಗತಿ ಬದಲಿಸಿದರು. ಹೆಂಗಸರು ಎದ್ದು ದೊಡ್ಡಮ್ಮನಿಗೆ ತಕ್ಕಂತೆ ಕುಣಿದರು.

ಆದರೆ ಕುಟುಂಬದ ನ್ಯಾಯ ನಗುವಿಗೆ ಕರಗುವುದಿಲ್ಲ. ಭಾನುವಾರ ಚರ್ಚು ಮುಗಿದ ಮೇಲೆ ಅದೇ ಹನ್ನೊಂದು ಮಂದಿ ಹಿರಿಯರು ಕುಳಿತರು. ನಾನು ಬರಿಗಾಲಿನಲ್ಲಿ ನಡುವೆ ನಿಂತೆ.

"ಅಳಿಯಂದ್ರು ಊರ ಮುಂದೆ ತಪ್ಪು ಒಪ್ಪಿದಾರೆ," ಎಂದರು ಒಪಾನಿನ್ ಅಜೆಕುಮ್. "ಆದರೂ ನಮ್ಮಕ್ಕನ ವರ್ಷ ಕದ್ದಿದ್ದಕ್ಕೆ ಅವಳ ಆತ್ಮ ಸಮಾಧಾನ ಆಗ್ಬೇಕು. ಒಂದು ಬಾಟ್ಲಿ ಜಿನ್. ಒಂದು ಕುರಿ. ಮರಿಯಲ್ಲ, ಎರಡು ವರ್ಷ ತುಂಬಿರೋ ಕುರಿ. ಒಪ್ಪಿಗೆನಾ?"

"ಒಪ್ಪಿಗೆ," ಎಂದು ತಲೆ ಬಗ್ಗಿಸಿದೆ. "ನಾಳೆ ಸಂಜೆಯೊಳಗೆ ಎರಡು ವರ್ಷದ ಕುರಿ ತಂದು ಕಟ್ತೀನಿ. ನನ್ನ ಮಾತು ನಂಬಿ."

ಆಗ ಸಾಚಿವಾ ಎದ್ದು ನಿಂತಳು. ನನ್ನ ಪರವಾಗಿ ಮತ್ತೆ ಹೊಣೆ ಹೊರುತ್ತಾಳೆ ಎಂದು ಎದೆ ತುಂಬಿ ಬಂತು.

"ಒಪಾನಿನ್," ಎಂದಳು, "ಬಾಯಿ ಬಿಡಿಸಿ ಹಲ್ಲು ನೀವೇ ಎಣಿಸಿ ತಗೊಳ್ಳಿ. ಇವರ ಕಂಪ್ಯೂಟರ್ ಲೆಕ್ಕದಲ್ಲಿ ಆ ಕುರಿ ಹುಟ್ಟೋಕೇ ಇನ್ನೂ ಇಪ್ಪತ್ತೊಂದು ವರ್ಷ ಇದೆ!"